ನಳಕ್ಕೆ ನೀರು ಬಂದರೆ ಸಾಲದು, ಒತ್ತಡವೂ ಬರಬೇಕು

ಹುಬ್ಬಳ್ಳಿ-ಧಾರವಾಡದಲ್ಲಿ ಬಾಡಿಗೆಗೆ ಮನೆ ನೋಡಲು ಹೋದವರು ಬಾಡಿಗೆ ಎಷ್ಟೆಂದು ಕೇಳುವ ಮೊದಲೇ ನಳಕ್ಕೆ ಎಷ್ಟು ದಿನಕ್ಕೊಮ್ಮೆ ನೀರು ಬರುತ್ತದೆ ಎಂದು ಕೇಳುತ್ತಾರೆ. ಮಹಾನಗರ ಪಾಲಿಕೆಯ ಸಾಮಾನ್ಯ ಸಭೆಯಲ್ಲಿ, ಚುನಾವಣೆಯ ಭಾಷಣದಲ್ಲಿ, ಬೇಸಿಗೆಯ ಪತ್ರಿಕಾ ವರದಿಗಳಲ್ಲಿ ಮತ್ತೆ ಮತ್ತೆ ಏಳುವುದೂ ಇದೇ ಪ್ರಶ್ನೆ. ತಲಾ ಎಷ್ಟು ಲೀಟರ್ ಎಂಬ ಇನ್ನೊಂದು ಲೆಕ್ಕ ಅಧಿಕಾರಿಗಳ ಕಡತಗಳಲ್ಲಿ ಇರುತ್ತದೆ. ಆದರೆ ಪೈಪಿನೊಳಗಿನ ನೀರು ಎಷ್ಟು ಒತ್ತಡದಲ್ಲಿದೆ, ಆ ಒತ್ತಡ ವಾರದಲ್ಲಿ ಎಷ್ಟು ತಾಸು ಉಳಿದಿರುತ್ತದೆ ಎಂದು ಕೇಳುವವರು ಕಡಿಮೆ. ನೀರಿಗೆ ಫೋರ್ಸ್ ಇಲ್ಲವೆಂಬ ದೂರು ಓಣಿ ಓಣಿಯಲ್ಲಿ ಕೇಳಿಬಂದರೂ ಅದನ್ನು ಕೊಡ ತುಂಬಲು ತಗಲುವ ಹೊತ್ತಿನ ತೊಂದರೆಯೆಂದಷ್ಟೇ ಎಣಿಸಲಾಗುತ್ತದೆ. ಶುದ್ಧೀಕರಣ ಘಟಕದಿಂದ ಶುದ್ಧವಾಗಿ ಹೊರಟ ನೀರು ಮನೆಯ ನಳದವರೆಗೆ ಶುದ್ಧವಾಗಿಯೇ ಬರುತ್ತದೆಯೋ ಇಲ್ಲವೋ ಎಂಬುದನ್ನು ಬಹುಮಟ್ಟಿಗೆ ನಿರ್ಧರಿಸುವುದು ಈ ಒತ್ತಡ. ದಿನದ 24 ಗಂಟೆ ನೀರು ಕೊಡುವ ಯೋಜನೆಯನ್ನು ಅವಳಿ ನಗರದ ಎಲ್ಲ ವಾರ್ಡುಗಳಿಗೂ ವಿಸ್ತರಿಸುವ ಕೆಲಸ ವರ್ಷಗಳಿಂದ ನಡೆದಿದೆ. ಅದರ ಪರವಾಗಿ ಮಾತಾಡುವವರೂ ವಿರೋಧವಾಗಿ ಮಾತಾಡುವವರೂ ಈ ಒಂದು ಸಂಗತಿಯನ್ನು ಬದಿಗಿಟ್ಟೇ ವಾದಿಸುತ್ತಿದ್ದಾರೆ ಎಂಬುದು ನನ್ನ ಅಭಿಪ್ರಾಯ.

ಒತ್ತಡವೆಂದರೆ ಒಂದು ನಿರ್ದಿಷ್ಟ ವಿಸ್ತೀರ್ಣದ ಮೇಲೆ ಬೀಳುವ ಬಲ. ನೆಲದ ಮೇಲಿಟ್ಟ ಕಲ್ಲು ತನ್ನ ಭಾರವನ್ನು ಕೆಳಕ್ಕಷ್ಟೇ ಹೇರುತ್ತದೆ. ನೀರಿಗಾಗಲಿ ಗಾಳಿಗಾಗಲಿ ಸ್ವಂತ ಆಕಾರವಿಲ್ಲವಾದ್ದರಿಂದ ಅವು ತಮ್ಮ ಮೇಲೆ ಬಿದ್ದ ಭಾರವನ್ನು ಕೆಳಕ್ಕೂ ಪಕ್ಕಕ್ಕೂ ಮೇಲಕ್ಕೂ ಒಂದೇ ಸಮನಾಗಿ ಹಂಚುತ್ತವೆ. ನಿಂತ ನೀರಿನಲ್ಲಿ ಒಂದೇ ಆಳದಲ್ಲಿರುವ ಎಲ್ಲ ಬಿಂದುಗಳಲ್ಲೂ ಒತ್ತಡ ಒಂದೇ ಆಗಿರುತ್ತದೆ; ಆಳ ಹೆಚ್ಚಿದಂತೆ, ಮೇಲಿರುವ ನೀರಿನ ಕಂಬ ಎತ್ತರವಾಗುವುದರಿಂದ, ಒತ್ತಡವೂ ಅದೇ ಪ್ರಮಾಣದಲ್ಲಿ ಹೆಚ್ಚುತ್ತದೆ. ಹತ್ತು ಮೀಟರ್ ಎತ್ತರದ ನೀರಿನ ಕಂಬವು ತನ್ನ ಬುಡದ ಪ್ರತಿ ಚದರ ಸೆಂಟಿಮೀಟರ್ ಮೇಲೆ ಒಂದು ಕಿಲೋಗ್ರಾಂ ಭಾರದಷ್ಟು ಒತ್ತುತ್ತದೆ. ನಮ್ಮ ಪ್ಲಂಬರುಗಳು ಒಂದು ಕೆ.ಜಿ. ಪ್ರೆಷರ್ ಎನ್ನುವುದೂ, ಎಂಜಿನಿಯರುಗಳು ಹತ್ತು ಮೀಟರ್ ಹೆಡ್ ಎನ್ನುವುದೂ ಇದನ್ನೇ.

ಈ ನಿಯಮದಲ್ಲಿ ಮೊದಲ ಸಲ ಕೇಳಿದವರು ಒಪ್ಪಲು ಹಿಂಜರಿಯುವ ಅಂಶವೊಂದಿದೆ: ಒತ್ತಡಕ್ಕೆ ನೀರಿನ ಎತ್ತರ ಬೇಕು, ಪ್ರಮಾಣ ಬೇಕಿಲ್ಲ. ಹದಿನೈದು ಮೀಟರ್ ಎತ್ತರದ ಕಂಬಗಳ ಮೇಲೆ ಹತ್ತು ಲಕ್ಷ ಲೀಟರಿನ ಟ್ಯಾಂಕ್ ಕಟ್ಟಿದರೂ, ಅದೇ ಎತ್ತರಕ್ಕೆ ಸಾವಿರ ಲೀಟರಿನ ಸಿಂಟೆಕ್ಸ್ ಏರಿಸಿದರೂ ಬುಡದಲ್ಲಿ ಸಿಗುವುದು ಒಂದೂವರೆ ಕೆ.ಜಿ. ಒತ್ತಡವೇ. ಮಾಳಿಗೆಯ ಮೇಲಿನ ಟ್ಯಾಂಕ್ ದೊಡ್ಡದು ಹಾಕಿಸಿದರೆ ಸ್ನಾನದ ಕೋಣೆಯ ಶವರಿಗೆ ಫೋರ್ಸ್ ಬರುತ್ತದೆಂದು ನಂಬಿ ಹಣ ಕಳೆದುಕೊಳ್ಳುವವರು ಬಹಳ. ಟ್ಯಾಂಕಿನ ನೀರಿನ ಮಟ್ಟ ಶವರಿಗಿಂತ ಎರಡೇ ಮೀಟರ್ ಮೇಲಿದ್ದರೆ ಒತ್ತಡ 0.2 ಕೆ.ಜಿ.ಗಿಂತ ಹೆಚ್ಚಾಗದು, ಟ್ಯಾಂಕ್ ಎಷ್ಟೇ ಅಗಲವಿರಲಿ. ಅದೇ ಟ್ಯಾಂಕಿನಿಂದ ನೆಲಮಹಡಿಯ ನಳಕ್ಕೆ ನೀರು ಜೋರಾಗಿ ಬರುವುದಕ್ಕೂ ಕಾರಣ ಇದೇ.

ಗಾಳಿಯದ್ದೂ ಇದೇ ನಿಯಮ, ಆದರೆ ಅದು ಹಗುರ. ಸಮುದ್ರಮಟ್ಟದಲ್ಲಿ ನಮ್ಮ ತಲೆಯ ಮೇಲಿರುವ ಇಡೀ ವಾತಾವರಣದ ಭಾರ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 1.03 ಕಿಲೋಗ್ರಾಂ, ಅಂದರೆ ಹತ್ತು ಮೀಟರಿಗೆ ತುಸು ಮೇಲ್ಪಟ್ಟ ಎತ್ತರದ ನೀರಿನ ಕಂಬಕ್ಕೆ ಸಮ. ಇಟಲಿಯ ಟಾರಿಸೆಲ್ಲಿ 1643ರಲ್ಲಿ ಪಾದರಸದ ಕೊಳವೆಯಿಂದ ಇದನ್ನು ಅಳೆಯುವ ಬಗೆಯನ್ನು ತೋರಿಸಿದ. ಐದು ವರ್ಷಗಳ ಬಳಿಕ, ಬ್ಲೇಸ್ ಪಾಸ್ಕಲನ ಸೂಚನೆಯಂತೆ ಆತನ ಭಾವ ಪೆರಿಯೆ ಫ್ರಾನ್ಸಿನ ಪ್ವಿ ದ ದೋಮ್ ಬೆಟ್ಟಕ್ಕೆ ಅಂಥ ಕೊಳವೆಯನ್ನು ಹೊತ್ತು ಏರಿದಾಗ ಪಾದರಸ ಇಳಿದದ್ದು ಕಂಡಿತು. ಮೇಲಕ್ಕೆ ಹೋದಂತೆ ತಲೆಯ ಮೇಲಿನ ಗಾಳಿ ಕಡಿಮೆಯಾಗುತ್ತದೆ ಎಂಬುದಕ್ಕೆ ಅದು ಸಾಕ್ಷಿಯಾಯಿತು. ಆ ಪ್ರಯೋಗವನ್ನು ನಮ್ಮಲ್ಲಿಯೂ ಮಾಡಬಹುದು. ಧಾರವಾಡವು ಹುಬ್ಬಳ್ಳಿಗಿಂತ ಸುಮಾರು ಎಂಬತ್ತರಿಂದ ನೂರು ಮೀಟರ್ ಎತ್ತರದಲ್ಲಿದೆ. ಪಾದರಸದ ವಾಯುಭಾರಮಾಪಕವನ್ನು ಹುಬ್ಬಳ್ಳಿಯಲ್ಲಿ ಬಸ್ಸಿಗೇರಿಸಿಕೊಂಡು ಧಾರವಾಡದಲ್ಲಿ ಇಳಿದರೆ ಅದು ಏಳೆಂಟು ಮಿಲಿಮೀಟರ್ ಇಳಿದಿರುತ್ತದೆ. ನೂರು ಮೀಟರ್ ಏರಿದ್ದಕ್ಕೆ ಗಾಳಿಯ ಒತ್ತಡದಲ್ಲಿ ಆದ ವ್ಯತ್ಯಾಸ ಇಷ್ಟು ಅಲ್ಪ. ಅದೇ ನೂರು ಮೀಟರಿನ ಏರಿಗೆ ನೀರು ತುಂಬಿದ ಪೈಪನ್ನು ಹಾಸಿದರೆ ಕೆಳತುದಿಯಲ್ಲಿ ಹತ್ತು ಕೆ.ಜಿ. ಒತ್ತಡ ಹುಟ್ಟುತ್ತದೆ, ಏಕೆಂದರೆ ಇಲ್ಲಿನ ಗಾಳಿಗಿಂತ ನೀರು ಒಂಬೈನೂರು ಪಟ್ಟು ಸಾಂದ್ರ. ಈ ಎರಡು ಸಂಖ್ಯೆಗಳ ನಡುವಿನ ಅಂತರವೇ ಅವಳಿ ನಗರದ ನೀರು ಸರಬರಾಜಿನ ಅರ್ಧ ಕಥೆ.

ಉಳಿದ ಅರ್ಧ ಹೀರುವಿಕೆಗೆ ಸಂಬಂಧಿಸಿದ್ದು. ಎಳನೀರಿಗೆ ಸ್ಟ್ರಾ ಹಾಕಿ ಹೀರುವಾಗ ನಾವು ನೀರನ್ನು ಮೇಲಕ್ಕೆ ಎಳೆಯುತ್ತಿದ್ದೇವೆ ಎಂದು ಭಾಸವಾಗುತ್ತದೆ. ನಾವು ಮಾಡುವುದು ಬಾಯೊಳಗಿನ ಗಾಳಿಯ ಒತ್ತಡವನ್ನು ತಗ್ಗಿಸುವುದಷ್ಟೇ. ಎಳನೀರನ್ನು ಮೇಲಕ್ಕೆ ದೂಡುವುದು ಕಾಯಿಯೊಳಗಿನ ನೀರಿನ ಮೇಲೆ ಕೂತಿರುವ ಹೊರಗಿನ ಗಾಳಿ. ನೀರಿಗೆ ಎಳೆತ ಗೊತ್ತಿಲ್ಲ, ದೂಡುವಿಕೆ ಮಾತ್ರ ಗೊತ್ತು. ಹೆಚ್ಚು ಒತ್ತಡವಿರುವ ಕಡೆಯಿಂದ ಕಡಿಮೆ ಒತ್ತಡವಿರುವ ಕಡೆಗೆ ಅದು ಸರಿಯುತ್ತದೆ. ಹಾಗಾಗಿಯೇ ನೆಲದ ಮೇಲಿಟ್ಟ ಪಂಪು ಒಂದು ಮಿತಿಗಿಂತ ಆಳದಿಂದ ನೀರೆತ್ತಲಾರದು. ಸಮುದ್ರಮಟ್ಟದಲ್ಲಿ ಆ ಮಿತಿ ಸುಮಾರು 10.3 ಮೀಟರ್, ಏಳುನೂರು ಮೀಟರ್ ಎತ್ತರದ ನಮ್ಮ ಭಾಗದಲ್ಲಿ ಗಾಳಿಯ ಒತ್ತಡ ಕಡಿಮೆಯಿರುವುದರಿಂದ ಸುಮಾರು ಒಂಬತ್ತೂವರೆ ಮೀಟರ್, ಪಂಪಿನ ನಷ್ಟಗಳನ್ನು ಕಳೆದರೆ ಕೈಗೆ ಸಿಗುವುದು ಆರೇಳು ಮೀಟರ್. ಹಿತ್ತಲಿನ ಸೇದುಬಾವಿಗಳ ನೀರು ಆಳಕ್ಕಿಳಿದಾಗ ಮೇಲಿನ ಮೋಟರುಗಳು ನಿರುಪಯೋಗಿಯಾಗಿ, ಕೊಳವೆಬಾವಿಯ ಆಳದಲ್ಲಿಯೇ ಮುಳುಗಿ ಕೂತು ನೀರನ್ನು ಕೆಳಗಿನಿಂದ ಮೇಲಕ್ಕೆ ದೂಡುವ ಸಬ್‌ಮರ್ಸಿಬಲ್ ಪಂಪುಗಳು ಬರಬೇಕಾಯಿತು. ಗದಗ ಜಿಲ್ಲೆಯ ಅನೇಕ ಊರುಗಳಲ್ಲಿ ಆ ಆಳದ ನೀರಿನಲ್ಲಿ ಫ್ಲೋರೈಡ್ ಇರುವುದರಿಂದ ಕೊಳವೆಬಾವಿಯೇ ಪರಿಹಾರವೆನ್ನುವಂತೆಯೂ ಇಲ್ಲ. ನದಿಯ ನೀರು ಪೈಪಿನಲ್ಲಿ ಬರಲೇಬೇಕು.

ಆ ನದಿಗಳು ಕೆಳಗಿವೆ, ಊರುಗಳು ಮೇಲಿವೆ. ಗದಗ-ಬೆಟಗೇರಿಗೂ ಹಾವೇರಿಗೂ ತುಂಗಭದ್ರೆಯಿಂದ ನೀರನ್ನು ಏರಿಸಬೇಕು. ಹುಬ್ಬಳ್ಳಿ-ಧಾರವಾಡಕ್ಕೆ ಮುಖ್ಯ ಆಸರೆ ಸವದತ್ತಿಯ ಬಳಿ ನವಿಲುತೀರ್ಥದಲ್ಲಿ ಮಲಪ್ರಭೆಗೆ ಕಟ್ಟಿದ ರೇಣುಕಾಸಾಗರ. ಹುಬ್ಬಳ್ಳಿಗೆ ಕಲಘಟಗಿ ಕಡೆಯ ನೀರಸಾಗರವೂ ಇದೆ, ಆದರೆ ಅದು ಮಳೆ ಕೈಕೊಟ್ಟ ವರ್ಷಗಳಲ್ಲಿ ನೆಚ್ಚಿಕೊಳ್ಳುವಂಥದ್ದಲ್ಲ. ರೇಣುಕಾಸಾಗರದ ಪೂರ್ಣಮಟ್ಟ 2079.50 ಅಡಿ, ಎಂದರೆ ಸುಮಾರು 634 ಮೀಟರ್. ಧಾರವಾಡದ ಎತ್ತರದ ಬಡಾವಣೆಗಳು 750 ಮೀಟರಿನ ಆಸುಪಾಸಿನಲ್ಲಿವೆ. ಅಮ್ಮಿನಭಾವಿಯ ಶುದ್ಧೀಕರಣ ಘಟಕವನ್ನು ಹಾಯ್ದು ಊರಿನ ಟ್ಯಾಂಕುಗಳಿಗೆ ಏರುವ ಹೊತ್ತಿಗೆ ಪ್ರತಿ ಹನಿ ನೀರನ್ನು ನೂರು ಮೀಟರಿಗೂ ಹೆಚ್ಚು ಎತ್ತಿರುತ್ತೇವೆ. ಸಾವಿರ ಲೀಟರ್ ನೀರನ್ನು ನೂರು ಮೀಟರ್ ಎತ್ತಲು, ಯಾವ ನಷ್ಟವೂ ಇಲ್ಲವೆಂದುಕೊಂಡರೂ, 0.27 ಯೂನಿಟ್ ವಿದ್ಯುತ್ ಬೇಕು. ಪಂಪಿನ ನಷ್ಟವನ್ನೂ ಪೈಪಿನ ಘರ್ಷಣೆಯನ್ನೂ ಸೇರಿಸಿದರೆ ಸುಮಾರು 0.4 ಯೂನಿಟ್. ಇಷ್ಟು ಖರ್ಚು ಮಾಡಿ ಗಳಿಸಿದ ಎತ್ತರವೇ ಟ್ಯಾಂಕಿನಿಂದ ಕೆಳಗಿಳಿಯುವಾಗ ಒತ್ತಡವಾಗಿ ಮರಳಬೇಕು. ಅದು ಮರಳುವ ಹಾದಿಯಲ್ಲಿ ಎಲ್ಲಿ ಸೋರಿ ಹೋಗುತ್ತದೆ ಎಂಬುದನ್ನು ನೋಡಬೇಕು.

ನೀರು ಹರಿಯತೊಡಗಿದ ಕೂಡಲೇ ಪೈಪಿನ ಗೋಡೆಯ ಘರ್ಷಣೆ ಒತ್ತಡವನ್ನು ತಿನ್ನತೊಡಗುತ್ತದೆ. ಈ ನಷ್ಟ ಹರಿವಿನ ಸರಿಸುಮಾರು ವರ್ಗಕ್ಕೆ ಅನುಗುಣವಾಗಿ ಏರುತ್ತದೆ: ಅದೇ ಪೈಪಿನಲ್ಲಿ ಎರಡು ಪಟ್ಟು ನೀರು ಹರಿಸಿದರೆ ನಷ್ಟ ನಾಲ್ಕು ಪಟ್ಟು, ಮೂರು ಪಟ್ಟು ಹರಿಸಿದರೆ ಒಂಬತ್ತು ಪಟ್ಟು. ಪೈಪಿನ ವ್ಯಾಸವನ್ನು ಅರ್ಧಕ್ಕಿಳಿಸಿ ಅಷ್ಟೇ ನೀರು ಹರಿಸಲು ಹೋದರೆ ನಷ್ಟ ಮೂವತ್ತೆರಡು ಪಟ್ಟಾಗುತ್ತದೆ. ಈಗ ವಾರಕ್ಕೊಮ್ಮೆ ನಾಲ್ಕು ತಾಸು ನೀರು ಬಿಡುವ ಓಣಿಯೊಂದನ್ನು ಲೆಕ್ಕಕ್ಕೆ ತೆಗೆದುಕೊಳ್ಳೋಣ. ವಾರದ 168 ತಾಸುಗಳಲ್ಲಿ ಹಂಚಿ ಹರಿಯಬೇಕಾದ ನೀರು ನಾಲ್ಕೇ ತಾಸಿನಲ್ಲಿ ಹರಿಯಬೇಕೆಂದರೆ ಹರಿವು ಸರಾಸರಿಯ 42 ಪಟ್ಟು. ನಿರಂತರ ಪೂರೈಕೆಯಲ್ಲಿಯೂ ಬೆಳಗಿನ ಹೊತ್ತಿನ ಬೇಡಿಕೆ ಸರಾಸರಿಗಿಂತ ಮೂರು ಪಟ್ಟು ಏರುತ್ತದೆ ಎಂದು ಬಿಟ್ಟುಕೊಟ್ಟರೂ, ಉಳಿಯುವ ವ್ಯತ್ಯಾಸ 14 ಪಟ್ಟು. ಅದರ ವರ್ಗ 196. ಇಷ್ಟು ನಷ್ಟವನ್ನು ಯಾವ ಓವರ್‌ಹೆಡ್ ಟ್ಯಾಂಕಿನ ಎತ್ತರವೂ ತುಂಬಿಕೊಡಲಾರದು. ಆದ್ದರಿಂದ ವಾಸ್ತವದಲ್ಲಿ ಅಷ್ಟು ನೀರು ಹರಿಯುವುದೇ ಇಲ್ಲ: ಟ್ಯಾಂಕಿಗೆ ಹತ್ತಿರದ ಮನೆಗಳ ಬ್ಯಾರಲ್ಲು, ಸಂಪು, ಬಕೀಟುಗಳೆಲ್ಲ ತುಂಬಿ ನಳ ಮುಚ್ಚುವವರೆಗೂ ಓಣಿಯ ಕೊನೆಯ ಮನೆಗೆ, ಅದರಲ್ಲೂ ಆ ಮನೆ ದಿಬ್ಬದ ಮೇಲಿದ್ದರೆ, ನೂಲಿನೆಳೆಯಂತೆ ಇಳಿಯುವುದೇ ಹೆಚ್ಚು. ಕೊನೆಯ ಮನೆಯವರು ವಾಲ್ವ್‌ಮನ್‌ನನ್ನು ಬೈಯುವುದು ಸಹಜ. ಆತ ತಗ್ಗಿನ ಓಣಿಯ ವಾಲ್ವನ್ನು ಎರಡು ಸುತ್ತು ಮಾತ್ರ ತಿರುವಿ, ದಿಬ್ಬದ ಓಣಿಯದನ್ನು ಪೂರ್ತಿ ತೆರೆದು ಮಾಡುವ ಹೊಂದಾಣಿಕೆ ಮಾತ್ರ ಈ ಅಸಮತೆಯನ್ನು ಒಂದಿಷ್ಟು ತಗ್ಗಿಸುತ್ತಿರುತ್ತದೆ; ಊರಿನ ಏರಿಳಿತಗಳನ್ನು ನಕ್ಷೆಗಿಂತ ನಿಖರವಾಗಿ ಬಲ್ಲವರು ಆ ನೌಕರರೇ.

ನಾಲ್ಕು ತಾಸು ಮುಗಿದು ವಾಲ್ವ್ ಮುಚ್ಚಿದ ಮೇಲೆ ನಡೆಯುವುದು ಇನ್ನೂ ಗಂಭೀರವಾದದ್ದು. ಪೈಪಿನಲ್ಲಿ ಉಳಿದ ನೀರು ತಗ್ಗಿನ ಮನೆಗಳ ನಳಗಳಿಂದಲೂ ಸೋರುವ ಜಾಯಿಂಟುಗಳಿಂದಲೂ ಹೊರಗಿಳಿಯುತ್ತದೆ. ಹಾಗೆ ಇಳಿಯುವ ನೀರಿನ ಕಂಬದ ಹಿಂದೆ, ದಿಬ್ಬದ ಮೇಲಿನ ಪೈಪಿನಲ್ಲಿ, ಒತ್ತಡವು ಹೊರಗಿನ ಗಾಳಿಯ ಒತ್ತಡಕ್ಕಿಂತ ಕೆಳಗಿಳಿಯುತ್ತದೆ. ಆ ಹೊತ್ತಿಗೆ ಎತ್ತರದ ಮನೆಯ ನಳ ತಿರುವಿದರೆ ನೀರು ಬರುವ ಬದಲು ಸುಯ್ಯೆಂದು ಗಾಳಿ ಒಳಗೆ ಹೋಗುವ ಸದ್ದು ಕೇಳಿಸುತ್ತದೆ. ಗಾಳಿ ಒಳಹೋದರೆ ಅಂಥ ಕೇಡಿಲ್ಲ. ಆದರೆ ಪೈಪಿಗೆ ಬಿರುಕಿದ್ದು, ಆ ಬಿರುಕಿನ ಹೊರಗೆ ಗಟಾರದ ನೀರು ನಿಂತಿದ್ದರೆ, ಒಳಗೆ ಹೋಗುವುದು ಗಟಾರದ ನೀರು. ಹಳೆಯ ಓಣಿಗಳಲ್ಲಿ ಮುಖ್ಯ ಪೈಪಿನಿಂದ ಮನೆಗೆ ಹೋಗುವ ಅರ್ಧ ಇಂಚಿನ ಪೈಪುಗಳು ಗಟಾರವನ್ನು ದಾಟಿಕೊಂಡೇ ಹೋಗುತ್ತವೆ. ಕೆಲವೆಡೆ ಗಟಾರದೊಳಗೇ ಜೋತುಬಿದ್ದಿರುತ್ತವೆ. ಹುಬ್ಬಳ್ಳಿಯಿಂದ ಗದಗದವರೆಗಿನ ಎರಿ ಭೂಮಿ ಮಳೆಗಾಲದಲ್ಲಿ ಉಬ್ಬಿ, ಬೇಸಿಗೆಯಲ್ಲಿ ಬಾಯಿಬಿಟ್ಟು ಕುಗ್ಗುವುದರಿಂದ ಅದರೊಳಗೆ ಹೂತ ಪೈಪಿನ ಜಾಯಿಂಟುಗಳು ವರ್ಷವಿಡೀ ಅಲುಗಾಡುತ್ತಿರುತ್ತವೆ. ಬಿರುಕಿಲ್ಲದ ಪೈಪ್ ಜಾಲ ಎಂಬುದು ಜಗತ್ತಿನ ಯಾವ ಊರಿನಲ್ಲೂ ಇಲ್ಲ, ಈ ಮಣ್ಣಿನಲ್ಲಂತೂ ಅದನ್ನು ನಿರೀಕ್ಷಿಸುವಂತಿಲ್ಲ. ಒಳಗೆ ಒತ್ತಡವಿರುವಷ್ಟು ಕಾಲ ಬಿರುಕಿನಿಂದ ಒಳ್ಳೆಯ ನೀರು ಹೊರಗೆ ಹೋಗುತ್ತದೆ, ಅದು ಹಣದ ನಷ್ಟ. ಒತ್ತಡ ಇಳಿದಾಗ ಅದೇ ಬಿರುಕಿನಿಂದ ಕೊಳಕು ಒಳಗೆ ಬರುತ್ತದೆ, ಅದು ಆರೋಗ್ಯದ ನಷ್ಟ. ಬಿರುಕು ಒಂದೇ, ದಿಕ್ಕನ್ನು ನಿರ್ಧರಿಸುವುದು ಒತ್ತಡ.

ಇದು ಪುಸ್ತಕದ ತರ್ಕವಷ್ಟೇ ಅಲ್ಲ. ಅಳೆದು ನೋಡಿದ ಸಂಗತಿ, ಅದೂ ನಮ್ಮ ಊರಿನಲ್ಲೇ. ವಿಶ್ವಬ್ಯಾಂಕಿನ ಸಾಲದ ನೆರವಿನಿಂದ ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಗಳ ಆಯ್ದ ವಾರ್ಡುಗಳಲ್ಲಿ 24 ಗಂಟೆ ನೀರಿನ ಪ್ರಾಯೋಗಿಕ ಯೋಜನೆ ನಡೆದಾಗ, ಅವಳಿ ನಗರದ ಅಂದಿನ 67 ವಾರ್ಡುಗಳ ಪೈಕಿ 8 ವಾರ್ಡುಗಳು ಅದರಲ್ಲಿ ಸೇರಿದವು. ಒಂದೇ ಊರು, ಒಂದೇ ನೀರಿನ ಮೂಲ, ಆದರೆ ಕೆಲವು ಓಣಿಗಳಲ್ಲಿ ಸದಾ ಒತ್ತಡ, ಉಳಿದವುಗಳಲ್ಲಿ ಕೆಲವು ದಿನಗಳಿಗೊಮ್ಮೆ ಮಾತ್ರ. ಹೋಲಿಸಿ ನೋಡುವವರಿಗೆ ಇದಕ್ಕಿಂತ ಒಳ್ಳೆಯ ಸಂದರ್ಭ ಸಿಗುವುದು ಅಪರೂಪ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿಯ ಸಂಶೋಧಕರು ಅದನ್ನು ಬಳಸಿಕೊಂಡರು. 2014ರಲ್ಲಿ ಪ್ರಕಟವಾದ ಅವರ ಅಧ್ಯಯನವೊಂದು, ಬಿಟ್ಟು ಬಿಟ್ಟು ನೀರು ಬರುವ ಪ್ರದೇಶದ 11 ಕಡೆ ಒತ್ತಡವನ್ನು ಬಿಡುವಿಲ್ಲದೆ ಅಳೆಯುತ್ತ, ಅದರ ಜೊತೆಗೆ ನೀರಿನ ಮಾದರಿಗಳನ್ನು ಪರೀಕ್ಷಿಸಿತು. ನೀರು ಬಿಟ್ಟ ಕೂಡಲೇ ಬರುವ ಮೊದಲ ನೀರಿನಲ್ಲಿ ಕದಡು ಹೆಚ್ಚಿತ್ತು, ಮಲಿನತೆಯನ್ನು ಸೂಚಿಸುವ ಬ್ಯಾಕ್ಟೀರಿಯಾಗಳೂ ಹೆಚ್ಚಿದ್ದವು. ಒತ್ತಡ 10 ಪಿಎಸ್‌ಐಗಿಂತ ಕೆಳಗಿದ್ದಾಗ (ಪಿಎಸ್‌ಐ ಎಂದರೆ ಚದರ ಇಂಚಿಗೆ ಇಷ್ಟು ಪೌಂಡ್ ಎಂಬ ಒತ್ತಡದ ಅಳತೆ), ನೀರಿನಲ್ಲಿ ಕ್ಲೋರಿನ್ ಉಳಿದಿದ್ದರೂ, ಈ ಬ್ಯಾಕ್ಟೀರಿಯಾಗಳು ಪದೇ ಪದೇ ಕಂಡುಬಂದವು. ಒತ್ತಡ 17 ಪಿಎಸ್‌ಐ ದಾಟಿ, ಕ್ಲೋರಿನ್ ಸಹ ಉಳಿದಿದ್ದ ಮಾದರಿಗಳಲ್ಲಿ ಮಲದ ಸೋಂಕನ್ನು ಸೂಚಿಸುವ ಇ. ಕೋಲಿ ಬ್ಯಾಕ್ಟೀರಿಯಾ ಒಮ್ಮೆಯೂ ಕಾಣಲಿಲ್ಲ.

ಈ ಎರಡು ಅಂಕಿಗಳನ್ನು ನೀರಿನ ಎತ್ತರಕ್ಕೆ ಬದಲಿಸಿ ನೋಡಿದರೆ 10 ಪಿಎಸ್‌ಐ ಎಂದರೆ 7 ಮೀಟರ್, 17 ಪಿಎಸ್‌ಐ ಎಂದರೆ 12 ಮೀಟರ್. ಕೇಂದ್ರ ಸರ್ಕಾರದ ನೀರು ಸರಬರಾಜು ಕೈಪಿಡಿಯ 1999ರ ಆವೃತ್ತಿಯು ಒಂದಂತಸ್ತಿನ ಮನೆಗಳಿರುವ ಕಡೆ ಕನಿಷ್ಠ 7 ಮೀಟರ್, ಎರಡಂತಸ್ತಿನ ಕಡೆ 12 ಮೀಟರ್, ಮೂರಂತಸ್ತಿನ ಕಡೆ 17 ಮೀಟರ್ ಒತ್ತಡ ಉಳಿದಿರಬೇಕು ಎಂದು ವಿಧಿಸಿತ್ತು. ಕೈಪಿಡಿ ಬರೆದವರ ಲಕ್ಷ್ಯವಿದ್ದದ್ದು ನೀರು ಮಹಡಿಗೆ ಏರುತ್ತದೆಯೋ ಇಲ್ಲವೋ ಎಂಬುದರ ಮೇಲೆ. ಸಂಶೋಧಕರು ಅಳೆದದ್ದು ಬ್ಯಾಕ್ಟೀರಿಯಾ. ಎರಡೂ ಲೆಕ್ಕಗಳು ಒಂದೇ ಕಡೆ ಬಂದು ಕೂಡಿದ್ದು ಕಾಕತಾಳೀಯವೇ ಇರಬಹುದು, ಆದರೂ ಪಾಲಿಕೆಗೆ ಅದರಿಂದ ಸಿಗುವ ಅನುಕೂಲ ದೊಡ್ಡದು: ಮಾಳಿಗೆಗೆ ನೀರು ಏರುವಷ್ಟು ಒತ್ತಡವನ್ನು ಕಾಯ್ದುಕೊಂಡರೆ ನೀರಿನ ಶುದ್ಧತೆಯೂ ಬಹುಪಾಲು ಉಳಿಯುತ್ತದೆ.

ಬಹುಪಾಲು ಎಂದೆ, ಪೂರ್ತಿ ಎನ್ನಲಿಲ್ಲ. ಅದೇ ಅವಳಿ ನಗರದಲ್ಲಿ ಐದು ವರ್ಷದೊಳಗಿನ ಮಕ್ಕಳಿರುವ 3,922 ಮನೆಗಳನ್ನು ಸೇರಿಸಿಕೊಂಡು ನಡೆದ, 2015ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದ ಫಲಿತಾಂಶ ಮಿಶ್ರವಾಗಿತ್ತು. ನಿರಂತರ ನೀರು ಬರುವ ವಾರ್ಡುಗಳಲ್ಲಿ ಟೈಫಾಯ್ಡ್ ಗಣನೀಯವಾಗಿ ಕಡಿಮೆಯಿತ್ತು; ಬಡ ಕುಟುಂಬಗಳ ಮಕ್ಕಳಲ್ಲಿ ರಕ್ತಭೇದಿ ಕಡಿಮೆಯಿತ್ತು; ಆದರೆ ಒಟ್ಟಾರೆ ಅತಿಸಾರದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಅತಿಸಾರಕ್ಕೆ ಕೈ, ಪಾತ್ರೆ, ಆಹಾರ, ಶೌಚ ಹೀಗೆ ದಾರಿಗಳು ಹಲವು. ಪೈಪಿನೊಳಗಿನ ಒತ್ತಡ ಪೈಪನ್ನಷ್ಟೇ ಕಾಯಬಲ್ಲದು. ಯೋಜನೆಯ ಪರವಾದ ಪ್ರಚಾರದಲ್ಲಿ ಮೊದಲಿನ ಎರಡು ಮಾತನ್ನೂ ವಿರೋಧದ ಕರಪತ್ರದಲ್ಲಿ ಕೊನೆಯ ಮಾತನ್ನೂ ಮಾತ್ರ ಎತ್ತಿ ಹೇಳುವುದು ಸುಲಭ. ಮೂರನ್ನೂ ಒಟ್ಟಿಗೆ ಓದುವುದು ನ್ಯಾಯ.

ಒತ್ತಡ ಸಾಲದ ಓಣಿಗಳಲ್ಲಿ ಜನ ಕಂಡುಕೊಂಡಿರುವ ಉಪಾಯವೆಂದರೆ ನಳದ ಪೈಪಿಗೆ ನೇರವಾಗಿ ಮೋಟರ್ ಹಚ್ಚುವುದು. ಇದಕ್ಕೆ ನಿಷೇಧವಿದೆ, ಆಗಾಗ ಮೋಟರುಗಳನ್ನು ವಶಪಡಿಸಿಕೊಂಡ ಸುದ್ದಿಯೂ ಬರುತ್ತದೆ. ನೆರೆಮನೆಯ ಪಾಲಿನ ನೀರನ್ನು ಕಸಿಯುವ ಸ್ವಾರ್ಥವೆಂದು ಇದನ್ನು ಖಂಡಿಸುತ್ತೇವೆ. ಅದು ನಿಜವೂ ಹೌದು. ಆದರೆ ಕಳವಿಗಿಂತ ದೊಡ್ಡ ಅಪಾಯ ಇನ್ನೊಂದಿದೆ. ಪಂಪು ಕೆಲಸ ಮಾಡುವುದೇ ತನ್ನ ಬಾಯಿಯ ಬಳಿ ಒತ್ತಡವನ್ನು ತಗ್ಗಿಸುವ ಮೂಲಕ. ಮುಖ್ಯ ಪೈಪಿನಲ್ಲಿ ಎರಡು ಮೂರು ಮೀಟರ್ ಒತ್ತಡ ಮಾತ್ರ ಉಳಿದಿರುವಾಗ ಒಂದೇ ಸಾಲಿನ ನಾಲ್ಕಾರು ಮನೆಗಳಲ್ಲಿ ಮೋಟರುಗಳು ಏಕಕಾಲಕ್ಕೆ ಶುರುವಾದರೆ ಆ ಭಾಗದ ಪೈಪಿನ ಒತ್ತಡ ಹೊರಗಿನ ಗಾಳಿಯದಕ್ಕಿಂತ ಕೆಳಗೆ ಹೋಗುತ್ತದೆ. ಆಗ ವಾಲ್ವ್ ಮುಚ್ಚಿದ ಮೇಲೆ ಆಗಬೇಕಾದ ಹೀರುವಿಕೆ ನೀರು ಬರುತ್ತಿರುವಾಗಲೇ ಆಗುತ್ತದೆ, ಮತ್ತು ಹೀರಿದ ಕೊಳಕು ನೇರವಾಗಿ ಮೋಟರ್ ಹಚ್ಚಿದವರ ಟ್ಯಾಂಕಿಗೇ ಮೊದಲು ಸೇರುತ್ತದೆ. ದಂಡ ಹಾಕುವವರು ಈ ಮಾತನ್ನು ಮನೆಮನೆಗೆ ಹೇಳಿದ್ದರೆ ದಂಡಕ್ಕಿಂತ ಹೆಚ್ಚು ಕೆಲಸವಾಗುತ್ತಿತ್ತೇನೋ. ಕೊನೆಯ ಮನೆಗೆ ಒತ್ತಡ ಕೊಡದೆ ಮೋಟರ್ ಕಿತ್ತೊಯ್ಯುವುದರಿಂದ ಮಾತ್ರ ಮೋಟರುಗಳು ಹಿತ್ತಲಿನ ಗೋಣಿಚೀಲದೊಳಗೆ ಅಡಗುತ್ತವೆಯೇ ಹೊರತು ಇಲ್ಲವಾಗುವುದಿಲ್ಲ.

ಹಾಗಿದ್ದರೆ ಇಡೀ ಊರಿನ ಒತ್ತಡವನ್ನು ಸದಾಕಾಲ ಏರಿಸಿಟ್ಟರಾಯಿತಲ್ಲವೆ ಎಂದು ಕೇಳಬಹುದು. ಇಲ್ಲಿಯೇ ಧಾರವಾಡ-ಹುಬ್ಬಳ್ಳಿಗಳ ಭೂಗೋಳ ಅಡ್ಡಬರುತ್ತದೆ. ಎತ್ತರದ ಬಡಾವಣೆಗೆ 12 ಮೀಟರ್ ಕೊಡುವ ಜಾಲವೇ ಅದಕ್ಕಿಂತ 40 ಮೀಟರ್ ತಗ್ಗಿನಲ್ಲಿರುವ ಓಣಿಗೂ ಹೋದರೆ, ಹರಿವು ಕಡಿಮೆಯಿರುವ ರಾತ್ರಿ ಹೊತ್ತಿನಲ್ಲಿ ಅಲ್ಲಿ 52 ಮೀಟರ್ ಒತ್ತಡ ಕೂರುತ್ತದೆ. ಒತ್ತಡ ಹೆಚ್ಚಿದಷ್ಟೂ ಸೋರಿಕೆ ಹೆಚ್ಚು. ಗಟ್ಟಿ ಪೈಪಿನ ಸ್ಥಿರ ತೂತಿನಿಂದ ಹೊರಡುವ ನೀರು ಒತ್ತಡದ ವರ್ಗಮೂಲದ ಪ್ರಕಾರ ಏರಿದರೆ, ಪ್ಲಾಸ್ಟಿಕ್ ಪೈಪಿನ ಸೀಳು ಒತ್ತಡ ಹೆಚ್ಚಾದಾಗ ತಾನೂ ಅಗಲವಾಗುವುದರಿಂದ ಸೋರಿಕೆ ಇನ್ನೂ ವೇಗವಾಗಿ ಏರುತ್ತದೆ. ವಾರಕ್ಕೆ ನಾಲ್ಕು ತಾಸು ಸೋರುತ್ತಿದ್ದ ಪೈಪು ಈಗ 168 ತಾಸೂ ಸೋರಬಲ್ಲದು. ಆದ್ದರಿಂದಲೇ ಹಳೆಯ ಜಾಲಕ್ಕೆ ನಿರಂತರ ನೀರು ಬಿಟ್ಟರೆ ಮಲಪ್ರಭೆಯ ನೀರು ಎಷ್ಟಿದ್ದರೂ ಸಾಲದು. ಪೈಪುಗಳನ್ನು, ಮುಖ್ಯವಾಗಿ ಮನೆಗಳ ಸಂಪರ್ಕದ ಸಣ್ಣ ಪೈಪುಗಳನ್ನು, ಹೊಸದಾಗಿ ಹಾಕಲೇಬೇಕಾಗುತ್ತದೆ. ಜೊತೆಗೆ ಊರನ್ನು ಎತ್ತರಕ್ಕೆ ತಕ್ಕಂತೆ ವಲಯಗಳಾಗಿ ಒಡೆದು, ಪ್ರತಿ ವಲಯಕ್ಕೂ ಅದರದೇ ಟ್ಯಾಂಕನ್ನೋ ಒತ್ತಡ ತಗ್ಗಿಸುವ ವಾಲ್ವನ್ನೋ ಇಟ್ಟು, ವಲಯಕ್ಕೆ ಒಳಬಂದ ನೀರನ್ನೂ ಮನೆಗಳ ಮೀಟರುಗಳಲ್ಲಿ ದಾಖಲಾದ ನೀರನ್ನೂ ತಾಳೆ ನೋಡಬೇಕು. ರಸ್ತೆ ಅಗೆದು ಮುಚ್ಚದೆ ಬಿಟ್ಟಿದ್ದಾರೆಂಬ ಜನರ ಸಿಟ್ಟು ನ್ಯಾಯವಾದದ್ದೇ, ಆದರೆ ಅಗೆಯದೆ ಈ ಕೆಲಸವಾಗದು. ಕಾಮಗಾರಿಯ ಪ್ರಗತಿಯನ್ನು ಎಷ್ಟು ಕಿಲೋಮೀಟರ್ ಪೈಪ್ ಹಾಕಲಾಯಿತು ಎಂದು ಅಳೆಯುವ ರೂಢಿಯ ಬಗ್ಗೆ ಮಾತ್ರ ನನ್ನ ತಕರಾರಿದೆ: ಹಾಕಿದ ಪೈಪಿನ ಕೊನೆಯ ಮನೆಯಲ್ಲಿ ಎಷ್ಟು ಮೀಟರ್ ಒತ್ತಡ ನಿಂತಿದೆ ಎಂಬ ಅಂಕಿಯನ್ನು ವಾರ್ಡುವಾರು ಪ್ರಕಟಿಸಿದರೆ ವಾದ ಅರ್ಧಕ್ಕೆ ಇಳಿಯುತ್ತದೆ.

ಎತ್ತರಕ್ಕೆ ನೀರೇರಿಸುವ ದೊಡ್ಡ ಪೈಪುಗಳಿಗೆ ಬೇರೆಯದೇ ಕಷ್ಟವಿದೆ. ಸೆಕೆಂಡಿಗೆ ಒಂದು ಮೀಟರ್ ವೇಗದಲ್ಲಿ ಹೋಗುತ್ತಿರುವ ನೀರನ್ನು ಕಬ್ಬಿಣದ ಪೈಪಿನಲ್ಲಿ ಥಟ್ಟನೆ ನಿಲ್ಲಿಸಿದರೆ, ಆ ನಿಲುಗಡೆಯಿಂದಲೇ ಸುಮಾರು ನೂರು ಮೀಟರ್ ಎತ್ತರದ ನೀರಿಗೆ ಸಮನಾದ ಒತ್ತಡದ ಅಲೆ ಹುಟ್ಟಿ, ಶಬ್ದದಂತೆ ಪೈಪಿನುದ್ದಕ್ಕೂ ಓಡುತ್ತದೆ. ವಿದ್ಯುತ್ ಕೈಕೊಟ್ಟು ಪಂಪುಗಳು ಒಮ್ಮೆಲೇ ನಿಂತಾಗ ಮೊದಲು ಒತ್ತಡ ಕುಸಿದು, ಬಳಿಕ ಹಿಂದಕ್ಕೆ ಬಂದ ನೀರು ಅಪ್ಪಳಿಸಿ ಪೈಪು ಒಡೆಯುವುದುಂಟು. ಕೆಲವೇ ನಿಮಿಷ ಕರೆಂಟ್ ಹೋದದ್ದಕ್ಕೆ ಎರಡು ದಿನ ನೀರು ಬಾರದಿದ್ದರೆ ಜನರಿಗೆ ಅದು ನೆಪವೆಂದು ತೋರುತ್ತದೆ. ಎಲ್ಲ ಸಲವೂ ಅದು ನೆಪವಲ್ಲ. ಇದನ್ನು ತಡೆಯಲು ಪೈಪಿನ ದಿಬ್ಬಗಳಲ್ಲಿ ಏರ್‌ವಾಲ್ವ್‌ಗಳನ್ನು ಇಡುತ್ತಾರೆ. ತುಂಬುವಾಗ ಒಳಗಿನ ಗಾಳಿಯನ್ನು ಹೊರಬಿಡುವುದು, ಒತ್ತಡ ಕುಸಿದಾಗ ಹೊರಗಿನ ಗಾಳಿಯನ್ನು ಒಳಬಿಟ್ಟು ಪೈಪನ್ನು ಕಾಪಾಡುವುದು ಅವುಗಳ ಕೆಲಸ. ಸವದತ್ತಿ ರಸ್ತೆಯಂಥ ಕಡೆ ಇಂಥ ವಾಲ್ವಿನಿಂದ ಚಿಮ್ಮುವ ನೀರಿನಲ್ಲಿ ಬಟ್ಟೆ ಒಗೆಯುವುದು, ದನಗಳ ಮೈ ತೊಳೆಯುವುದು ಅಪರೂಪವಲ್ಲ, ಮತ್ತು ಆ ಜನರನ್ನು ನಾನು ದೂರಲಾರೆ. ಅಪಾಯವಿರುವುದು ವಾಲ್ವ್ ಕೂತಿರುವ ಗುಂಡಿಯಲ್ಲಿ. ಗುಂಡಿ ಕೊಳಚೆಯಿಂದ ತುಂಬಿ ವಾಲ್ವ್ ಅದರಲ್ಲಿ ಮುಳುಗಿದ್ದರೆ, ಒತ್ತಡ ಕುಸಿದ ಗಳಿಗೆಯಲ್ಲಿ ಅದು ಗಾಳಿಯ ಬದಲು ಆ ಕೊಳಚೆಯನ್ನೇ ಒಳಗೆ ಬಿಟ್ಟುಕೊಳ್ಳುತ್ತದೆ, ಅದೂ ತನ್ನ ಕೆಲಸವನ್ನು ತಪ್ಪದೆ ಮಾಡುತ್ತಲೇ. ಗುಂಡಿಗೆ ಮುಚ್ಚಳ, ನೀರು ಹರಿದುಹೋಗಲು ಕಾಲುವೆ, ವಾಲ್ವಿನ ಬಾಯನ್ನು ನೆಲಕ್ಕಿಂತ ಮೇಲಕ್ಕೆತ್ತುವ ತುಂಡು ಪೈಪು: ಇವಿಷ್ಟಕ್ಕೆ ವಿಶ್ವಬ್ಯಾಂಕಿನ ಸಾಲ ಬೇಕಿಲ್ಲ.

ಬಿಟ್ಟು ಬಿಟ್ಟು ನೀರು ಬರುವ ಕಡೆ ಮೀಟರ್ ಹಾಕಿದಾಗ ಏಳುವ ಜಗಳದ ಹಿಂದೆಯೂ ಗಾಳಿಯಿದೆ. ಖಾಲಿ ಪೈಪಿಗೆ ನೀರು ನುಗ್ಗಿದಾಗ ಮುಂದಿರುವ ಗಾಳಿ ನಳಗಳ ಮೂಲಕ ಹೊರಬೀಳಬೇಕು, ಮತ್ತು ಹಾಗೆ ಹೊರಬೀಳುವ ಗಾಳಿ ಮೀಟರಿನ ಚಕ್ರವನ್ನು ತಿರುಗಿಸಬಲ್ಲದು. ಗಾಳಿಗೆ ಬಿಲ್ಲು ಕಟ್ಟುತ್ತಿದ್ದೇವೆ ಎಂಬ ದೂರನ್ನು ಕುಹಕವೆಂದು ತಳ್ಳಿಹಾಕುವ ಅಧಿಕಾರಿ ಭೌತಶಾಸ್ತ್ರವನ್ನು ಮರೆತಿದ್ದಾರೆ ಎಂದೇ ಅರ್ಥ. ಸದಾ ತುಂಬಿರುವ ಪೈಪಿನಲ್ಲಿ ಈ ಸಮಸ್ಯೆಯೇ ಇಲ್ಲ. ಆದ್ದರಿಂದ ಮೊದಲು ಒತ್ತಡ, ಆಮೇಲೆ ಮೀಟರಿನ ಬಿಲ್ಲು ಎಂಬ ಕ್ರಮವನ್ನು ಪಾಲಿಸುವುದು ನ್ಯಾಯವೂ ಹೌದು, ಜಾಣತನವೂ ಹೌದು.

ನಿರಂತರ ನೀರು ಬಂದ ವಾರ್ಡುಗಳಲ್ಲಿಯೂ ಬಹಳಷ್ಟು ಮನೆಯವರು ಸಂಪನ್ನು ಬಿಟ್ಟಿಲ್ಲ, ಬಿಡುವುದೂ ಇಲ್ಲ. ದಶಕಗಳ ಅನುಭವ ಅವರಿಗೆ ಹಾಗೆ ಕಲಿಸಿದೆ. ಸಂಪು ಇರಲಿ, ಆದರೆ ಅದಕ್ಕೆ ನೀರು ಬಿಡುವ ಪೈಪಿನ ತುದಿ ಎಲ್ಲಿದೆ ಎಂಬುದನ್ನು ಮುಚ್ಚಳ ತೆಗೆದು ನೋಡಬೇಕು. ಸದ್ದಾಗದಿರಲೆಂದು ಆ ತುದಿಗೆ ರಬ್ಬರಿನ ಕೊಳವೆ ಸಿಕ್ಕಿಸಿ ನೀರಿನೊಳಗೆ ಮುಳುಗಿಸಿಡುವುದು ನಮ್ಮಲ್ಲಿ ಸಾಮಾನ್ಯ. ರಸ್ತೆಯ ಪೈಪಿನಲ್ಲಿ ಯಾವ ಕಾರಣಕ್ಕಾದರೂ ಒತ್ತಡ ಕುಸಿದರೆ ಮುಳುಗಿದ ಕೊಳವೆಯ ಮೂಲಕ ಸಂಪಿನ ನೀರು, ಅದರ ತಳದ ಕೆಸರಿನೊಂದಿಗೆ, ಹಿಮ್ಮುಖವಾಗಿ ಮುಖ್ಯ ಪೈಪಿಗೆ ಹೋಗಿ ಪಕ್ಕದ ಮನೆಯ ನಳಕ್ಕೆ ಬರುತ್ತದೆ. ಪೈಪಿನ ತುದಿಗೂ ಸಂಪು ತುಂಬಿದಾಗಿನ ನೀರಿನ ಮಟ್ಟಕ್ಕೂ ನಡುವೆ ಪೈಪಿನ ವ್ಯಾಸದ ಎರಡರಷ್ಟಾದರೂ ಬರಿ ಗಾಳಿಯ ಅಂತರವಿದ್ದರೆ ಹೀಗಾಗದು, ಏಕೆಂದರೆ ಆಗ ಪೈಪು ಹೀರುವುದು ಗಾಳಿಯನ್ನು ಮಾತ್ರ. ಅರ್ಧ ಇಂಚಿನ ಪೈಪಿಗೆ ಒಂದು ಇಂಚಿನ ಅಂತರ ಸಾಕು.